ಚ್ಯೂಬಾಕಾನನ್ನು ಕೊಂದಿದ್ದು ತಪ್ಪಾ? 'ನ್ಯೂ ಜೆಡೈ ಆರ್ಡರ್' ಅನ್ನೋ ಸ್ಟಾರ್ ವಾರ್ಸ್ ಕಾದಂಬರಿ ಸರಣಿ ಓದಿದವರು ಇಲ್ಲಿ ಬನ್ನಿ

ಕೊನೇಪುಟ:

ಮೊದಲೇ ಹೇಳಿಬಿಡುತ್ತೇನೆ, ಯಾರು ಸಾಯುತ್ತಾರೆ ಯಾರು ಉಳಿಯುತ್ತಾರೆ ಅನ್ನೋದೆಲ್ಲಾ ಇಲ್ಲಿ ಬರುತ್ತದೆ. ಕಥೆಯ ಗುಟ್ಟು ಬೇಡ ಅನ್ನುವವರು ಇಲ್ಲಿಂದಲೇ ವಾಪಸ್ ಹೋಗಿ.

ಸ್ಟಾರ್ ವಾರ್ಸ್ ಕಾದಂಬರಿಗಳ ಮಾತು ಬಂದರೆ ಎಲ್ಲರೂ ಸಾಮ್ರಾಜ್ಯದ ಜಾಣ ನೌಕಾಪತಿ ತ್ರಾನ್ ಬಗ್ಗೆ ಟಿಮೊತಿ ಝಾನ್ ಬರೆದ ಪುಸ್ತಕಗಳನ್ನು ಹೊಗಳಿ ಸುಮ್ಮನಾಗುತ್ತಾರೆ. ಒಪ್ಪಿದೆ, ಅವು ಚೆನ್ನಾಗಿವೆ. 1991ರಲ್ಲಿ 'ಏರ್ ಟು ದಿ ಎಂಪೈರ್' ಗೆಲ್ಲದೇ ಇದ್ದಿದ್ದರೆ ನಾವು ಇವತ್ತು ಜಗಳ ಆಡೋಕೆ ಇಷ್ಟೊಂದು ಪುಸ್ತಕಗಳೇ ಇರುತ್ತಿರಲಿಲ್ಲ. ಆದರೆ ಅದಾದ ಮೇಲೆ ತೊಂಬತ್ತರ ದಶಕದಲ್ಲಿ ಬಂದವನ್ನು ಒಂದರ ಹಿಂದೆ ಒಂದು ಓದಿ ನೋಡಿ. ಸಾಮ್ರಾಜ್ಯದ ಅಳಿದುಳಿದ ಯಾರೋ ಒಬ್ಬರು ತಲೆ ಎತ್ತುತ್ತಾರೆ. ಎಲ್ಲೋ ಒಂದು ಮಹಾ ಆಯುಧ ಸಿಗುತ್ತದೆ. ಸನ್ ಕ್ರಷರ್, ಡಾರ್ಕ್‌ಸೇಬರ್, ಐ ಆಫ್ ಪಾಲ್ಪಟೀನ್, ಹೆಸರು ಮಾತ್ರ ಬೇರೆ ಬೇರೆ. ನಡುವೆ ನಾಯಕಿ ಲೇಯಾ ಮತ್ತು ಅವಳ ಗಂಡ ಹಾನ್ ಸೋಲೋನ ಮಕ್ಕಳನ್ನು ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಕೊನೇ ಅಧ್ಯಾಯದಲ್ಲಿ ಎಲ್ಲರೂ ಕ್ಷೇಮ. ಮುಂದಿನ ಪುಸ್ತಕದಲ್ಲಿ ಹಿಂದಿನ ಪುಸ್ತಕದ ಗಾಯವೂ ಇರೋದಿಲ್ಲ.

ಪ್ರಕಾಶನದ ಹಕ್ಕು ಬ್ಯಾಂಟಮ್‌ನಿಂದ ಡೆಲ್ ರೇಗೆ ಹೋದ ಮೇಲೆ, 1999ರ ಅಕ್ಟೋಬರಿನಲ್ಲಿ ಆರ್. ಎ. ಸಾಲ್ವಟೋರ್ ಬರೆದ 'ವೆಕ್ಟರ್ ಪ್ರೈಮ್' ಬಂತು. ಗ್ಯಾಲಕ್ಸಿಯ ಹೊರಗಿಂದ ಯೂಝಾನ್ ವಾಂಗ್ ಅನ್ನೋ ಜನ ದಾಳಿ ಮಾಡುತ್ತಾರೆ. ಸೆರ್ನ್‌ಪಿಡಾಲ್ ಗ್ರಹದ ಮೇಲೆ ಅದರ ಚಂದ್ರನನ್ನೇ ಕೆಡವುತ್ತಾರೆ. ಹಾನ್‌ನ ಹಳೇ ಜೊತೆಗಾರ, ವೂಕಿ ಜನಾಂಗದ ಚ್ಯೂಬಾಕಾ, ಹಾನ್‌ನ ಕಿರಿಮಗ ಆನಾಕಿನ್‌ನನ್ನು ಹಡಗಿಗೆ ಎಸೆದು ತಾನು ಕೆಳಗೇ ಉಳಿಯುತ್ತಾನೆ. ಆ ಹಡಗು, ಅಂದರೆ ಫಾಲ್ಕನ್, ಓಡಿಸುತ್ತಿದ್ದ ಆನಾಕಿನ್ ಹಿಂದಕ್ಕೆ ತಿರುಗಿಸೋದಿಲ್ಲ, ತಿರುಗಿಸಿದ್ದರೆ ಹಡಗಿನಲ್ಲಿದ್ದ ಅಷ್ಟೂ ಜನ ಸಾಯುತ್ತಿದ್ದರು. ಹಾನ್ ಆ ಮಗನ ಮುಖವನ್ನೂ ನೋಡಲಾಗದ ಹಾಗೆ ಆಗುತ್ತಾನೆ. ಹತ್ತೊಂಬತ್ತು ಪುಸ್ತಕಗಳ ಸರಣಿ ಅಲ್ಲಿಂದ ಶುರು, 2003ರಲ್ಲಿ ಜೇಮ್ಸ್ ಲುಸೆನೋ ಬರೆದ 'ದಿ ಯೂನಿಫೈಯಿಂಗ್ ಫೋರ್ಸ್'ನಲ್ಲಿ ಮುಗಿಯುತ್ತದೆ.

ಆವತ್ತಿನಿಂದ ಇವತ್ತಿನವರೆಗೂ ಈ ಸರಣಿಯನ್ನು ಬೈಯುವವರು ಆ ಒಂದು ಸಾವನ್ನೇ ಹಿಡಿದುಕೊಂಡು ಬೈಯುತ್ತಾರೆ. ನನ್ನ ಪ್ರಕಾರ ಸರಣಿಯಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸವೇ ಅದು. ಆ ಸಾವಿನ ಸಾಲ ಐದಾರು ಪುಸ್ತಕಗಳವರೆಗೆ ತೀರೋದಿಲ್ಲ. ಅದು ಬಿಟ್ಟರೆ ನನಗೆ ಬೇರೆ ದೂರು ಬೇಕಾದಷ್ಟಿವೆ, ಆಮೇಲೆ ಹೇಳುತ್ತೇನೆ. ಈಗ ನೀವು ಶುರು ಮಾಡಿ.

ತ್ರಾನ್‌ಪಕ್ಷ:

ಕರೆದಿರಿ, ಬಂದೆ.

ಸಾವು ನನಗೆ ತೊಂದರೆಯೇ ಅಲ್ಲ. ನನ್ನ ತೊಂದರೆ ಶತ್ರುವಿನದು. ಸ್ಟಾರ್ ವಾರ್ಸ್ ಅಂದರೆ ಏನು? ಫೋರ್ಸ್ ಅನ್ನೋ ಕಾಣದ ಶಕ್ತಿ ಎಲ್ಲಾ ಜೀವಿಗಳಲ್ಲೂ ಇದೆ ಅನ್ನೋದು ಅದರ ಬೇರು. ಇವರು ತಂದು ನಿಲ್ಲಿಸಿದ್ದು ಫೋರ್ಸ್‌ಗೆ ಕಾಣಿಸದೇ ಇರುವ ಒಂದು ಇಡೀ ಜನಾಂಗವನ್ನು. ಯಂತ್ರ ಕಂಡರೆ ಪಾಪ ಅನ್ನುವವರು, ನೋವೇ ದೇವರು ಅಂತ ಮೈ ಕೊಯ್ದುಕೊಳ್ಳುವವರು, ಹಾವಿನಂಥ ಕೋಲು ಹಿಡಿದವರು, ಹವಳದ ಹಡಗಿನಲ್ಲಿ ಬರುವವರು. ಬೇರೆ ಯಾವುದೋ ವಿಜ್ಞಾನ ಕಥೆಯಿಂದ ದಾರಿ ತಪ್ಪಿ ಬಂದವರ ಹಾಗಿದ್ದಾರೆ. ತ್ರಾನ್ ಒಬ್ಬನೇ ಒಂದು ಚಿತ್ರಕಲೆ ನೋಡಿ ಒಂದು ನೌಕಾಪಡೆಯನ್ನು ಸೋಲಿಸುತ್ತಾನೆ. ಅದು ಹೆದರಿಕೆ. ಇಲ್ಲಿ ಪುಟಪುಟಕ್ಕೂ ರಕ್ತ, ಹುಳ, ಚಿತ್ರಹಿಂಸೆ. ಅದು ಬರೀ ಅಸಹ್ಯ.

ಇನ್ನೊಂದು. ಮೂರು ಪುಸ್ತಕದಲ್ಲಿ ಮುಗಿಯುವ ಕಥೆಯನ್ನು ಹತ್ತೊಂಬತ್ತಕ್ಕೆ ಎಳೆದಿದ್ದಾರೆ. ಒಬ್ಬೊಬ್ಬ ಲೇಖಕನ ಕೈಯಲ್ಲಿ ಹಾನ್ ಮಗಳು ಜೇನಾ ಒಂದೊಂದು ತರಹ ಮಾತಾಡುತ್ತಾಳೆ.

ವೂಕಿಬಳಗ:

ಚ್ಯೂಬಾಕಾ ಸತ್ತ ರೀತಿ ಸರಿಯಾಗಿಯೇ ಇದೆ. ಬೀಳುತ್ತಿರುವ ಚಂದ್ರನ ಕಡೆ ಮುಷ್ಟಿ ಎತ್ತಿ ಗರ್ಜಿಸುತ್ತಾ ಸಾಯುವುದು ಅವನಿಗೆ ತಕ್ಕ ಸಾವೇ. ನನಗೆ ಉರಿಯೋದು ಅವನನ್ನು ಆರಿಸಿದ ರೀತಿ. ಮೂಲ ಸಿನಿಮಾದ ಒಬ್ಬರು ಸಾಯಲೇಬೇಕು ಅಂತ ಮೇಜಿನ ಸುತ್ತ ಕೂತು ತೀರ್ಮಾನ ಮಾಡಿದವರು ಪ್ರಕಾಶಕರು ಮತ್ತು ಲೂಕಾಸ್‌ಫಿಲ್ಮ್‌ನವರು. ಲ್ಯೂಕ್ ಬೇಡ, ಲೇಯಾ ಬೇಡ, ಹಾನ್ ಬೇಡ. ಪುಸ್ತಕದಲ್ಲಿ ಮಾತೇ ಆಡದ ಪಾತ್ರ ಯಾವುದು? ಅದನ್ನೇ ತೆಗೆದರು. ಗರ್ಜನೆಯನ್ನು ಅಕ್ಷರದಲ್ಲಿ ಬರೆಯೋದು ಲೇಖಕರಿಗೆ ಮೊದಲಿಂದಲೂ ಕಷ್ಟವೇ ಆಗಿತ್ತು, ಹಾಗಾಗಿ ಕಳಕೊಳ್ಳೋದು ಕಮ್ಮಿ ಅನ್ನೋ ಲೆಕ್ಕ ಅಂತ ನನ್ನ ಅನುಮಾನ.

ಪಾಪ, ಬೈಸಿಕೊಂಡಿದ್ದು ಮಾತ್ರ ಸಾಲ್ವಟೋರ್. ಅವರ ಐಡಿಯಾ ಅಲ್ಲ ಅದು. ಆದರೂ ಕವರ್ ಮೇಲೆ ಅವರ ಹೆಸರಿತ್ತು.

ಅರ್ಧಓದಿದವ:

ನಾನು ಹೊಸಬ. ಝಾನ್ ಅವರ ಮೂರು, ಎಕ್ಸ್-ವಿಂಗ್‌ನಲ್ಲಿ ಕೆಲವು ಓದಿದ್ದೇನೆ. ಹತ್ತೊಂಬತ್ತನ್ನೂ ಓದಲೇಬೇಕಾ? ನಡುವೆ ಬಿಟ್ಟರೆ ಅರ್ಥ ಆಗುತ್ತಾ?

ಕೊನೇಪುಟ:

@ಅರ್ಧಓದಿದವ, ತಾಳಿ, ಅದಕ್ಕೆ ಬರೋಣ.

@ತ್ರಾನ್‌ಪಕ್ಷ, ಫೋರ್ಸ್‌ಗೆ ಕಾಣಿಸದ ಶತ್ರು ಅನ್ನೋದು ದೋಷ ಅಂತೀರಿ. ಸರಣಿಯ ಪ್ರಶ್ನೆಯೇ ಅದು ಅಲ್ವಾ? ಎಲ್ಲಾ ಜೀವಿಗಳಲ್ಲೂ ಫೋರ್ಸ್ ಇದೆ ಅಂತ ಅದನ್ನು ಬಳಸುವ ಯೋಧರಾದ ಜೆಡೈಗಳು ಹೇಳಿಕೊಂಡು ಬಂದಿದ್ದಾರೆ. ಇಲ್ಲದವರು ಎದುರು ಬಂದು ನಿಂತಾಗ ಅವರನ್ನು ಜೀವಿಗಳಲ್ಲ ಅಂತ ಕೊಲ್ಲಬಹುದಾ, ಇಲ್ಲಾ ತಮ್ಮ ತಿಳಿವಳಿಕೆಯೇ ಚಿಕ್ಕದಾ? ಜೆಡೈ ಕಿಪ್ ಡುರಾನ್ ಒಂದು ಉತ್ತರ ಕೊಡುತ್ತಾನೆ, ಲ್ಯೂಕ್ ಇನ್ನೊಂದು, ಹಾನ್‌ನ ಹಿರಿಮಗ ಜೇಸನ್ ಮೂರನೆಯದು. ಈ ಮೂವರ ಜಗಳ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತದೆ. ಉತ್ತರವೂ ಕೊನೆಗೆ ಸಿಗುತ್ತದೆ: ವಾಂಗ್‌ಗಳು ಫೋರ್ಸ್ ಇಲ್ಲದೇ ಹುಟ್ಟಿದವರಲ್ಲ, ಅವರ ಮೂಲ ಗ್ರಹವೇ ಅವರಿಂದ ಅದನ್ನು ಕಿತ್ತುಕೊಂಡಿತ್ತು. ಅವರ ನೋವಿನ ಪೂಜೆ ಎಲ್ಲಿಂದ ಬಂತು ಅನ್ನೋದಕ್ಕೂ ಅಲ್ಲಿ ಕಾರಣ ಸಿಗುತ್ತದೆ.

ತ್ರಾನ್‌ಪಕ್ಷ:

ಆ ಉತ್ತರಕ್ಕೆ ಕೊನೇ ಪುಸ್ತಕದವರೆಗೆ ಕಾಯಬೇಕು ಅಂದರೆ ಅದು ನನ್ನ ದೂರಿಗೇ ಸಾಕ್ಷಿ.

ಅಂಚಿನಟಿಪ್ಪಣಿ:

ವಾಂಗ್‌ಗಳು ಬರೀ ರಕ್ತ ಹುಳ ಅನ್ನುವವರು ಗ್ರೆಗ್ ಕೀಸ್ ಬರೆದ 'ಕಾಂಕ್ವೆಸ್ಟ್' ಓದಿಲ್ಲ, ಅಥವಾ ಬೇಗ ಬೇಗ ಓದಿದ್ದಾರೆ. 2001ರದು, ಚಿಕ್ಕ ಪುಸ್ತಕ, ಇಡೀ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು. ಟಹಿರಿ ಅನ್ನೋ ಹುಡುಗಿಯನ್ನು ವಾಂಗ್‌ಗಳ ಶೇಪರ್‌ಗಳು, ಅಂದರೆ ಜೀವಿಗಳನ್ನೇ ತಿದ್ದುವ ವಿಜ್ಞಾನಿಗಳು, ಯಾವಿನ್ ನಾಲ್ಕು ಅನ್ನೋ ಚಂದ್ರನ ಮೇಲೆ ಹಿಡಿದಿಟ್ಟು, ಅವಳ ತಲೆಯೊಳಗೆ ಇನ್ನೊಬ್ಬಳ ನೆನಪುಗಳನ್ನು ತುಂಬಿ ತಮ್ಮವಳನ್ನಾಗಿ ಮಾಡಲು ನೋಡುತ್ತಾರೆ. ಅವಳನ್ನು ಬಿಡಿಸಲು ಆನಾಕಿನ್ ಒಬ್ಬನೇ ಹೋಗುತ್ತಾನೆ. ಅಲ್ಲಿ ಅವನಿಗೆ ಜೊತೆಯಾಗುವವನು ವುವಾ ರಾಪುಂಗ್. ಒಂದು ಕಾಲದ ಯೋಧ, ಈಗ ಶೇಮ್ಡ್ ಒನ್. ಅಂದರೆ ಅವರ ಸಮಾಜದಲ್ಲಿ ದೇವರುಗಳೇ ತಿರಸ್ಕರಿಸಿದವರು ಅಂತ ಎಲ್ಲರಿಂದಲೂ ತುಳಿಸಿಕೊಳ್ಳುವ ಗುಂಪು. ಇವನ ಮೈ ಕೊಳೆಯುತ್ತಿರೋದು ದೇವರ ಶಾಪದಿಂದ ಅಲ್ಲ, ಒಬ್ಬ ಶೇಪರ್ ಹೆಂಗಸು ಮಾಡಿದ ಮೋಸದಿಂದ. ಅದನ್ನು ಅವಳ ಬಾಯಿಂದಲೇ ಹೇಳಿಸಬೇಕು ಅನ್ನೋದೊಂದೇ ಅವನ ಹಟ.

ಅವನು ಸಾಯುತ್ತಾನೆ. ಆದರೆ ಅವನ ಕಥೆ ಶೇಮ್ಡ್ ಒನ್‌ಗಳ ಬಾಯಿಂದ ಬಾಯಿಗೆ ಹೋಗುತ್ತದೆ. ಜೆಡೈಗಳೇ ನಮ್ಮನ್ನು ಬಿಡಿಸುವವರು ಅನ್ನೋ ಗುಟ್ಟಿನ ನಂಬಿಕೆ ಹುಟ್ಟುತ್ತದೆ. ಕೊನೆಗೆ ವಾಂಗ್‌ಗಳ ಅರಮನೆ ಅಲುಗಾಡೋದು ಜೆಡೈಗಳ ಕತ್ತಿಯಿಂದ ಎಷ್ಟೋ, ಈ ನಂಬಿಕೆಯಿಂದಲೂ ಅಷ್ಟೇ. ಎಂಟನೇ ಪುಸ್ತಕಕ್ಕೂ ಮುಂಚೆ ನೆಟ್ಟದ್ದು ಹತ್ತೊಂಬತ್ತನೆಯದರಲ್ಲಿ ಫಲ ಕೊಡುತ್ತದೆ, ನಡುವೆ ಎಷ್ಟೋ ಲೇಖಕರ ಕೈ ದಾಟಿ. ಸಿನಿಮಾ ಆಧರಿಸಿ ಬರೆಯುವ ಒಂದು ಟೈ-ಇನ್ ಸರಣಿಯಲ್ಲಿ ಇದನ್ನು ಸಾಧಿಸೋದು ಸಣ್ಣ ಕೆಲಸವಾ?

ರೋಗ್‌ಹನ್ನೆರಡು:

ಸರಣಿ ಕತ್ತಲೆ ಕತ್ತಲೆ ಅಂತ ಗೋಳಾಡುವವರು ಆರನ್ ಆಲ್ಸ್ಟನ್ ಬರೆದ 'ಎನಿಮಿ ಲೈನ್ಸ್' ಜೋಡಿಯನ್ನು ಮರೆಯುತ್ತಾರೆ. 'ರೆಬೆಲ್ ಡ್ರೀಮ್', 'ರೆಬೆಲ್ ಸ್ಟ್ಯಾಂಡ್', ಎರಡೂ 2002. ರಾಜಧಾನಿ ಕೋರಸೆಂಟ್ ಬಿದ್ದ ಮೇಲೆ ಸೇನಾಪತಿ ವೆಜ್ ಆಂಟಿಲೀಸ್ ಬೋರ್ಲಿಯಸ್ ಅನ್ನೋ ಯಾರಿಗೂ ಬೇಡದ ಗ್ರಹವನ್ನು ಕಾಯಬೇಕು. ಗೆಲ್ಲೋದಲ್ಲ, ಆದಷ್ಟು ಹೊತ್ತು ಸೋಲದೇ ಇರೋದು. ಅವನು ಏನು ಮಾಡುತ್ತಾನೆ ಗೊತ್ತಲ್ಲ? ಸ್ಟಾರ್‌ಲ್ಯಾನ್ಸರ್ ಅಂತ ಒಂದು ಮಹಾ ಆಯುಧ ಕಟ್ಟುತ್ತಿರುವ ಹಾಗೆ ನಾಟಕ. ಅದು ಕೆಲಸ ಮಾಡೋದೇ ಇಲ್ಲ, ಮಾಡೋದಕ್ಕೂ ಸಾಧ್ಯವಿಲ್ಲ. ವಾಂಗ್‌ಗಳನ್ನು ಅಲ್ಲಿಗೆ ಎಳೆಯೋದಕ್ಕೆ ಹಾಕಿದ ಗಾಳ ಅಷ್ಟೇ.

ಮೇಲೆ ಕೊನೇಪುಟ ಅವರು ಸನ್ ಕ್ರಷರ್, ಡಾರ್ಕ್‌ಸೇಬರ್ ಅಂತ ಬೈದರಲ್ಲ, ಆಲ್ಸ್ಟನ್ ಅದನ್ನೇ ಗೇಲಿ ಮಾಡುತ್ತಿದ್ದಾರೆ ಅಂತ ನನಗೆ ಯಾವಾಗಲೂ ಅನಿಸಿದೆ. ಹತ್ತು ವರ್ಷ ಓದುಗರಿಗೆ ಮಹಾ ಆಯುಧ ಮಾರಿ, ಈಗ ಅದೇ ಮಹಾ ಆಯುಧವನ್ನು ಸುಳ್ಳು ಮಾಡಿ ಶತ್ರುವಿಗೆ ಮಾರೋದು! ಇನ್ನು ಲುಸಾಂಕ್ಯಾ. ಎಕ್ಸ್-ವಿಂಗ್ ಪುಸ್ತಕಗಳಲ್ಲಿ ಕೋರಸೆಂಟ್‌ನ ನೆಲದಡಿಯಲ್ಲಿ ಸೆರೆಮನೆಯಾಗಿ ಹೂತಿದ್ದ ಆ ಸೂಪರ್ ಸ್ಟಾರ್ ಡೆಸ್ಟ್ರಾಯರ್ ಇಲ್ಲಿ ಒಂದು ಈಟಿಯಾಗಿ ಹೋಗಿ ವಾಂಗ್‌ಗಳ ವರ್ಲ್ಡ್‌ಶಿಪ್ ಅನ್ನೋ ದೈತ್ಯ ಹಡಗಿನ ಒಳಗೆ ಚುಚ್ಚಿಕೊಳ್ಳುತ್ತದೆ. ಹಳೇ ಓದುಗರಿಗೆ ಆ ಹಡಗಿನ ಕೊನೆ ನೋಡೋದು ಒಬ್ಬ ಪರಿಚಯಸ್ಥನನ್ನು ಕಳಿಸಿಕೊಟ್ಟ ಹಾಗೆ. ಆಲ್ಸ್ಟನ್ 2014ರಲ್ಲಿ ತೀರಿಕೊಂಡರು. ಅವರ ಹಾಗೆ ನಗಿಸುತ್ತಾ ಯುದ್ಧ ಬರೆಯುವವರು ಈ ಕಡೆ ಮತ್ತೆ ಬಂದಿಲ್ಲ.

ನಿಧಾನಓದು:

ಎಲ್ಲರೂ ಸುತ್ತಿ ಸುತ್ತಿ ಬರುತ್ತಿದ್ದೀರಿ, 'ಟ್ರೇಟರ್' ಹೆಸರನ್ನೇ ಯಾರೂ ಎತ್ತಿಲ್ಲ. ನಾನು ಎತ್ತುತ್ತೇನೆ.

ಮ್ಯಾಥ್ಯೂ ಸ್ಟೋವರ್, 2002, ಸರಣಿಯಲ್ಲಿ ಹದಿಮೂರನೆಯದು. ಲ್ಯೂಕ್ ಇಲ್ಲ. ಹಾನ್ ಇಲ್ಲ. ಲೇಯಾ ಇಲ್ಲ. ಒಂದು ಬಾಹ್ಯಾಕಾಶ ಯುದ್ಧವೂ ಇಲ್ಲ ಅಂದರೂ ತಪ್ಪಿಲ್ಲ. ಜೇಸನ್ ಸೋಲೋ ವಾಂಗ್‌ಗಳ ಸೆರೆಯಲ್ಲಿದ್ದಾನೆ, ಅವನ ಫೋರ್ಸ್ ಸಂಪರ್ಕವನ್ನು ಕಡಿದು ಹಾಕಿದ್ದಾರೆ, ಎದುರಿಗೆ ವೆರ್ಜೆರ್ ಅನ್ನೋ ಹಕ್ಕಿಯಂಥ ಮುದುಕಿ. ಅವಳು ಹಳೇ ಜೆಡೈ, ವಾಂಗ್‌ಗಳ ನಡುವೆ ಐವತ್ತು ವರ್ಷದ ಹತ್ತಿರ ಬದುಕಿದವಳು. ಅವಳು ಗುರುವಾ, ಹಿಂಸೆ ಕೊಡುವವಳಾ? ಪುಸ್ತಕ ಉತ್ತರ ಕೊಡೋದಿಲ್ಲ. ಅವಳು ಕೇಳುವ ಪ್ರಶ್ನೆಗಳಿಗೆ ಜೇಸನ್ ಹತ್ತಿರ ಉತ್ತರವಿಲ್ಲ, ನಮ್ಮ ಹತ್ತಿರವೂ ಇಲ್ಲ. ನೋವು ಅನ್ನೋದು ಶತ್ರುವಾ? ಒಳ್ಳೆಯ ಕಡೆ ಕೆಟ್ಟ ಕಡೆ ಅಂತ ಫೋರ್ಸ್‌ನಲ್ಲಿ ಎರಡು ಇದೆಯಾ, ಅಥವಾ ಅದು ನಮ್ಮೊಳಗೆ ಇರೋದಾ? ಟೈ-ಇನ್ ಪುಸ್ತಕದಲ್ಲಿ ಒಬ್ಬ ಲೇಖಕ ಆ ಲೋಕದ ಮೂಲ ನಂಬಿಕೆಯನ್ನೇ ಅಲುಗಾಡಿಸಿ, ಮಾಲೀಕರು ಅದನ್ನು ಹಾಗೇ ಅಚ್ಚು ಹಾಕಿಸಿದ್ದು ನನಗೆ ಇನ್ನೂ ಆಶ್ಚರ್ಯ.

ಆಮೇಲೆ ಗ್ಯಾನರ್. ಅಲ್ಲಿಯವರೆಗೆ ಅವನು ಸುಮ್ನೆ ಸ್ಟೈಲ್ ಹೊಡೆಯುವ, ತನ್ನ ಮುಖ ತಾನೇ ಮೆಚ್ಚಿಕೊಳ್ಳುವ ಜೆಡೈ. ಕೊನೆಗೆ ಒಂದು ಬಾಗಿಲಲ್ಲಿ ಒಬ್ಬನೇ ನಿಂತು ಒಂದು ಸೈನ್ಯವನ್ನು ತಡೆಯುತ್ತಾನೆ. ಆ ಭಾಗವನ್ನು ನಾನು ಯಾರಿಗೂ ವಿವರಿಸೋದಿಲ್ಲ, ಓದಿಕೊಳ್ಳಿ.

ಬ್ಲಾಸ್ಟರ್‌ಸಾಕು:

ಟ್ರೇಟರ್ = ಮುನ್ನೂರು ಪುಟ ಪ್ರವಚನ. ಕ್ಷಮಿಸಿ. ಗ್ಯಾನರ್ ಭಾಗ ಸೂಪರ್, ಅದಕ್ಕೆ ಮುಂಚಿನದು ಮುದುಕಿ ಒಗಟು ಹೇಳೋದು, ಹುಡುಗ ಅಳೋದು, ಮುದುಕಿ ಇನ್ನೊಂದು ಒಗಟು ಹೇಳೋದು.

ನಿಧಾನಓದು:

ನಿಮ್ಮ ಹೆಸರಿಗೆ ತಕ್ಕ ಅಭಿಪ್ರಾಯ. ಬೇಜಾರಿಲ್ಲ.

ವೂಕಿಬಳಗ:

ಬ್ಲಾಸ್ಟರ್‌ಸಾಕು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ಟ್ರೇಟರ್ ಒಂದೇ ಓದಿದರೆ ಅದ್ಭುತ. ಆದರೆ ಅದರ ಮುಂದಿನ ವಾಲ್ಟರ್ ಜಾನ್ ವಿಲಿಯಮ್ಸ್ ಪುಸ್ತಕ 'ಡೆಸ್ಟಿನೀಸ್ ವೇ' ತೆಗೆದರೆ ಜೇಸನ್ ಬೇಗನೇ ನಮ್ಮ ಹಳೇ ಜೇಸನ್ ಆಗಿ, ಮನೆಯವರ ಜೊತೆ ಊಟಕ್ಕೆ ಕೂತಿರುತ್ತಾನೆ. ವೆರ್ಜೆರ್ ಕೂಡ ಅಲ್ಲೇ ಸಾಯುತ್ತಾಳೆ. ಹಲವು ಕೈಗಳಲ್ಲಿ ಬರೆದ ಸರಣಿಯ ತೊಂದರೆ ಇದೇ. ಒಬ್ಬ ಬೆಟ್ಟ ಹತ್ತಿಸಿದರೆ ಇನ್ನೊಬ್ಬ ಬಸ್ಸಿನಲ್ಲಿ ಕೆಳಗೆ ಇಳಿಸುತ್ತಾನೆ.

ಆದರೂ ಆ ಪುಸ್ತಕದಲ್ಲಿ ಆಲ್ಫಾ ರೆಡ್ ವಿಷಯ ಬರುತ್ತದೆ. ಅದು ವಾಂಗ್‌ಗಳ ಇಡೀ ಜನಾಂಗವನ್ನೇ ಅಳಿಸಿಹಾಕುವ ಜೈವಿಕ ವಿಷ. ನಮ್ಮ ಕಡೆಯವರೇ ತಯಾರಿಸುತ್ತಾರೆ. ಅದನ್ನು ಬಳಸಬೇಕು ಅನ್ನುವವರು ಕೆಟ್ಟವರಲ್ಲ, ಮನೆ ಮಠ ಮಕ್ಕಳನ್ನು ಕಳಕೊಂಡವರು. ಆ ವಿಷವನ್ನು ಹಾಳು ಮಾಡಿದವಳು ವೆರ್ಜೆರ್. ಅದಕ್ಕೇ ಈ ಸರಣಿಯನ್ನು ನಾನು ಪೂರ್ತಿ ಬೈಯಲಾರೆ.

ಅಂಚಿನಟಿಪ್ಪಣಿ:

ಮುಖ್ಯವಾದ ಒಂದು ಸಂಗತಿ ಯಾರೂ ಹೇಳಲಿಲ್ಲ. ಮೊದಲ ಯೋಜನೆಯಲ್ಲಿ ಈ ಸರಣಿಯ ನಾಯಕ ಜೇಸನ್ ಅಲ್ಲವೇ ಅಲ್ಲ, ಕಿರಿಯವನು ಆನಾಕಿನ್. ಆದರೆ ಅದೇ ಹೊತ್ತಿಗೆ ಹೊಸ ಸಿನಿಮಾಗಳು ಬರುತ್ತಿದ್ದವು, ಅವುಗಳ ನಾಯಕನ ಹೆಸರೂ ಆನಾಕಿನ್. ಇಬ್ಬರು ಆನಾಕಿನ್‌ಗಳು ಗೊಂದಲ ಮಾಡುತ್ತಾರೆ ಅಂತ ಜಾರ್ಜ್ ಲೂಕಾಸ್ ಕಡೆಯಿಂದ ಬೇಡ ಅಂತ ಬಂತು. ಹಾಗಾಗಿ ಪಾತ್ರಗಳನ್ನು ಅದಲು ಬದಲು ಮಾಡಿದರು.

ಇದು ಗೊತ್ತಾದ ಮೇಲೆ ಮೊದಲ ಒಂಬತ್ತು ಪುಸ್ತಕಗಳನ್ನು ಮತ್ತೆ ಓದಿ. ಆನಾಕಿನ್ ಯಾಕೆ ಅಷ್ಟು ವೇಗವಾಗಿ ಬೆಳೆಯುತ್ತಾನೆ, ತನ್ನ ಲೈಟ್‌ಸೇಬರ್‌ಗೆ ವಾಂಗ್‌ಗಳ ಹರಳನ್ನು ಹಾಕಿಕೊಂಡು ಅವರನ್ನು ಗ್ರಹಿಸುವ ಮೊದಲ ಜೆಡೈ ಯಾಕೆ ಆಗುತ್ತಾನೆ ಅಂತ ಹೊಳೆಯುತ್ತದೆ. ನಾಯಕನಾಗಿ ಹೊರಟವನ ಗುರುತೆಲ್ಲಾ ಹಾಗೇ ಉಳಿದಿದೆ ಅನಿಸುತ್ತದೆ. ಆಮೇಲೆ ಟ್ರಾಯ್ ಡೆನಿಂಗ್ ಬರೆದ 'ಸ್ಟಾರ್ ಬೈ ಸ್ಟಾರ್'ನಲ್ಲಿ, ಮಿರ್ಕರ್ ಗ್ರಹದ ಹತ್ತಿರದ ವಾಂಗ್ ವರ್ಲ್ಡ್‌ಶಿಪ್ ಮೇಲೆ, ಅವನು ಸಾಯುತ್ತಾನೆ. ಇನ್ನೂ ಮೀಸೆ ಚಿಗುರುವ ವಯಸ್ಸು. ನನಗೆ ಆ ಸಾವು ಚ್ಯೂಬಾಕಾ ಸಾವಿಗಿಂತ ಜಾಸ್ತಿ ತಟ್ಟಿತು.

ಕೊನೇಪುಟ:

'ಸ್ಟಾರ್ ಬೈ ಸ್ಟಾರ್' ಬಗ್ಗೆ ನಾನೂ ಹೇಳಬೇಕು. 2001ರ ಅಕ್ಟೋಬರ್ ಕೊನೆಯಲ್ಲಿ ಬಂದ ಪುಸ್ತಕ. ಅದರಲ್ಲಿ ಕೋರಸೆಂಟ್ ಬೀಳುತ್ತದೆ. ಒಂದು ಇಡೀ ಗ್ರಹವೇ ನಗರವಾಗಿರುವ ರಾಜಧಾನಿ, ಆಕಾಶದಿಂದ ಹಡಗುಗಳು ಕಟ್ಟಡಗಳ ಮೇಲೆ ಬೀಳುವುದು, ಜನ ಓಡುವುದು. ಬರೆದು ಮುಗಿಸಿದ್ದು ನ್ಯೂಯಾರ್ಕ್ ದಾಳಿಗೆ ಮುಂಚೆ, ಅಂಗಡಿಗೆ ಬಂದದ್ದು ಅದಾದ ಕೆಲವೇ ವಾರಕ್ಕೆ. ಆಗ ಓದಿದವರು ಆ ಪುಸ್ತಕದ ಬಗ್ಗೆ ಬೇರೆಯೇ ಧ್ವನಿಯಲ್ಲಿ ಮಾತಾಡುತ್ತಾರೆ, ಗಮನಿಸಿ.

ಅದರಲ್ಲೇ ಬೋರ್ಸ್ಕ್ ಫೆಲ್ಯಾ. ಝಾನ್ ಪುಸ್ತಕಗಳಿಂದಲೂ ನಾವೆಲ್ಲಾ ದ್ವೇಷಿಸಿಕೊಂಡು ಬಂದ ಕುತಂತ್ರಿ ರಾಜಕಾರಣಿ. ಅವನು ಓಡಿಹೋಗೋದಿಲ್ಲ, ತನ್ನ ಕಚೇರಿಯಲ್ಲೇ ಕೂತು ಬಾಂಬ್ ಇಟ್ಟುಕೊಂಡು ಸಾವಿರಾರು ವಾಂಗ್‌ಗಳ ಜೊತೆ ಸಾಯುತ್ತಾನೆ. ಅವನು ಒಳ್ಳೆಯವನಾಗಲಿಲ್ಲ, ಕೊನೆಯವರೆಗೂ ಜಂಬದವನೇ. ಆ ಜಂಬವೇ ಅವನನ್ನು ಅಲ್ಲಿ ಕೂರಿಸಿತು. ಪಾತ್ರ ಬರೆಯೋದು ಅಂದರೆ ಇದು.

ಬ್ಲಾಸ್ಟರ್‌ಸಾಕು:

ಆ ಪುಸ್ತಕ ನಾನೂ ಒಪ್ಪಿದೆ. ಆರು ನೂರು ಪುಟ ಇದ್ದರೂ ಎಲ್ಲೂ ಒಗಟಿಲ್ಲ.

ಹಳೇಕ್ಯಾನನ್:

ಇಷ್ಟೆಲ್ಲಾ ಹೊಗಳುತ್ತಿದ್ದೀರಿ, ಮುಂದೆ ಏನಾಯಿತು ಅಂತ ಹೊಸಬರಿಗೆ ಹೇಳಿ ಸ್ವಾಮಿ. 2006ರಿಂದ 2008ರವರೆಗೆ 'ಲೆಗಸಿ ಆಫ್ ದಿ ಫೋರ್ಸ್' ಅಂತ ಒಂಬತ್ತು ಪುಸ್ತಕ. ಹತ್ತೊಂಬತ್ತು ಪುಸ್ತಕದ ಉದ್ದಕ್ಕೂ ಪ್ರಾಣಿಯನ್ನೂ ನೋಯಿಸಲು ಹಿಂಜರಿಯುತ್ತಿದ್ದ ಜೇಸನ್, ಅಲ್ಲಿ ಸಿತ್, ಅಂದರೆ ಫೋರ್ಸ್‌ನ ಕತ್ತಲೆಯ ಕಡೆಯವನು, ಆಗುತ್ತಾನೆ. ಡಾರ್ತ್ ಕೇಡಸ್. ಲ್ಯೂಕ್‌ನ ಹೆಂಡತಿ ಮಾರಾ ಜೇಡ್‌ಳನ್ನು ಕೊಲ್ಲುತ್ತಾನೆ. ಕೊನೆಗೆ ಅವಳಿ ಅಕ್ಕ ಜೇನಾಳೇ ಅವನನ್ನು ಕೊಲ್ಲಬೇಕು. ಅದಕ್ಕೆ ದಾರಿ ಮಾಡಿಕೊಳ್ಳಲು ಏನು ಮಾಡಿದರು? ವೆರ್ಜೆರ್ ಮೊದಲಿಂದಲೂ ಸಿತ್ ಆಗಿದ್ದಳು ಅಂತ ಲುಮಾಯಾ ಅನ್ನೋ ಇನ್ನೊಬ್ಬ ಸಿತ್ ಬಾಯಲ್ಲಿ ಹೇಳಿಸಿಬಿಟ್ಟರು.

ಅಂದರೆ 'ಟ್ರೇಟರ್'ನಲ್ಲಿ ನಿಧಾನಓದು ಅವರು ಕೊಂಡಾಡಿದ ಪ್ರಶ್ನೆಗಳೆಲ್ಲಾ ಒಬ್ಬ ಖಳನಾಯಕಿ ಹಾಕಿದ ಬಲೆ ಅಷ್ಟೇ ಆಯಿತು. ಉತ್ತರವಿಲ್ಲದ ಪುಸ್ತಕಕ್ಕೆ ನಾಲ್ಕು ವರ್ಷ ಬಿಟ್ಟು ಯಾರೋ ಬಂದು ಅಗ್ಗದ ಉತ್ತರ ಬರೆದು ಹೋದರು. ನನಗೆ ಚ್ಯೂಬಾಕಾ ಸಾವಿನ ಮೇಲೆ ಸಿಟ್ಟಿಲ್ಲ, ಇದರ ಮೇಲಿದೆ.

ನಿಧಾನಓದು:

ಲುಮಾಯಾ ಸುಳ್ಳು ಹೇಳುತ್ತಿದ್ದಾಳೆ ಅಂತ ಓದಿಕೊಳ್ಳಿ. ಅವಳು ಜೇಸನ್‌ನನ್ನು ಬಲೆಗೆ ಬೀಳಿಸಬೇಕಿತ್ತು, ಅವಳಿಗೆ ಆ ಸುಳ್ಳು ಬೇಕಿತ್ತು. ನಾನು ಹಾಗೇ ಓದುತ್ತೇನೆ, ನೆಮ್ಮದಿಯಾಗಿ ನಿದ್ದೆ ಬರುತ್ತದೆ.

ಹಳೇಕ್ಯಾನನ್:

ಲೇಖಕರು ಆ ಅರ್ಥದಲ್ಲಿ ಬರೆದಿಲ್ಲ.

ನಿಧಾನಓದು:

ಪುಟದ ಮೇಲೆ ಇರೋದು ಲುಮಾಯಾಳ ಮಾತು. ನಂಬಬೇಕಾ ಬೇಡವಾ ಅನ್ನೋದು ನನ್ನಿಷ್ಟ.

ತ್ರಾನ್‌ಪಕ್ಷ:

ಈ ಜಗಳವೇ ವ್ಯರ್ಥ. 2012ರಲ್ಲಿ ಡಿಸ್ನಿ ಲೂಕಾಸ್‌ಫಿಲ್ಮನ್ನು ಕೊಂಡುಕೊಂಡಿತು. 2014ರ ಏಪ್ರಿಲ್ 25ಕ್ಕೆ ಇಷ್ಟನ್ನೂ 'ಲೆಜೆಂಡ್ಸ್' ಅಂತ ಹಣೆಪಟ್ಟಿ ಹಚ್ಚಿ ಪಕ್ಕಕ್ಕೆ ಇಟ್ಟರು. ನಡೆದೇ ಇಲ್ಲ ಅಂತ ಮಾಡಿದ ಯುದ್ಧದಲ್ಲಿ ಯಾರು ಸತ್ತರೇನು. ನಮ್ಮ ತ್ರಾನ್ ಮಾತ್ರ ವಾಪಸ್ ಬಂದ, 2016ರಲ್ಲಿ 'ರೆಬೆಲ್ಸ್' ಕಾರ್ಟೂನಿನಲ್ಲಿ, ಆಮೇಲೆ ಝಾನ್ ಅವರದ್ದೇ ಹೊಸ ಕಾದಂಬರಿಗಳಲ್ಲಿ, 2023ರಲ್ಲಿ 'ಅಸೋಕಾ' ಟಿವಿ ಸರಣಿಯಲ್ಲಿ ನಿಜವಾದ ನಟನ ರೂಪದಲ್ಲಿ. ವಾಂಗ್‌ಗಳನ್ನು ಯಾರೂ ಕರೆಯಲಿಲ್ಲ. ಯಾಕೆ ಅಂತ ಯೋಚಿಸಿ.

ಕೊನೇಪುಟ:

ಕರೆಯಲಿಲ್ಲ ನಿಜ. ಒಬ್ಬ ನೀಲಿ ಬಣ್ಣದ ಜಾಣನನ್ನು ಯಾವ ಕಥೆಗೂ ಸೇರಿಸಬಹುದು. ವಾಂಗ್‌ಗಳನ್ನು ಸೇರಿಸಿದರೆ ಕಥೆಯೇ ಬದಲಾಗಿಬಿಡುತ್ತದೆ, ರಾಜಧಾನಿ ಹೋಗುತ್ತದೆ, ಸರ್ಕಾರ ಹೋಗುತ್ತದೆ. ಸುಲಭವಾಗಿ ಎರವಲು ಕೊಡೋದಕ್ಕೆ ಬರದಿರೋದು ಕೆಟ್ಟದ್ದು ಅಂತ ಅರ್ಥವಾ?

ಇನ್ನು ನಡೆದೇ ಇಲ್ಲ ಅನ್ನೋ ಮಾತು. ಎಲ್ಲವೂ ಕಟ್ಟುಕಥೆಯೇ ಅಲ್ವಾ? ಯಾವ ಕಟ್ಟುಕಥೆ ನಿಜ ಅಂತ ಒಂದು ಕಂಪನಿ ಹೇಳೋದನ್ನು ನಾನು ಯಾಕೆ ಕೇಳಬೇಕು. ಕೋರಸೆಂಟ್ ಅನ್ನೋ ಹೆಸರನ್ನು ಕೊಟ್ಟದ್ದೇ ಝಾನ್ ಪುಸ್ತಕ, ಅಲ್ಲಿಂದ ಸಿನಿಮಾಕ್ಕೆ ಹೋಯಿತು. ಪುಸ್ತಕದಿಂದ ಬೇಕಾದ್ದನ್ನು ತೆಗೆದುಕೊಂಡು ಉಳಿದದ್ದು ಲೆಕ್ಕಕ್ಕಿಲ್ಲ ಅನ್ನೋದು ಅವರ ವ್ಯವಹಾರ. ಓದುಗನಿಗೆ ಅದರಲ್ಲಿ ಏನೂ ಕೆಲಸವಿಲ್ಲ.

ವಾರ್ಪ್‌ಒಂಬತ್ತು:

ಪಕ್ಕದ ಮನೆಯಿಂದ ಬಂದವನು ನಾನು, ಸ್ಟಾರ್ ಟ್ರೆಕ್ ಓದುವವನು. ನಮಗೂ ಇದೇ ಗತಿ ಆಯಿತು, ಆದರೆ ಬೇರೆ ರೀತಿಯಲ್ಲಿ. ಹಳೇ ಟಿವಿ ಸರಣಿಗಳು ನಿಂತ ಮೇಲೆ ನಮ್ಮ ಕಾದಂಬರಿಗಳು 2001ರ ಸುಮಾರಿಂದ ಇಪ್ಪತ್ತು ವರ್ಷ ಒಂದೇ ಕಥೆಯನ್ನು ಮುಂದುವರಿಸಿದವು. ಆಮೇಲೆ ನಮ್ಮ ಕ್ಯಾಪ್ಟನ್ ಪಿಕಾರ್ಡ್ ಟಿವಿಗೆ ವಾಪಸ್ ಬಂದ, ಎರಡೂ ಕಥೆ ಹೊಂದಲಿಲ್ಲ. ಆಗ ಲೇಖಕರು ಏನು ಮಾಡಿದರು ಅಂದರೆ, 2021ರಲ್ಲಿ 'ಕೋಡಾ' ಅಂತ ಮೂರು ಪುಸ್ತಕ ಬರೆದು, ತಾವು ಕಟ್ಟಿದ ಕಾಲರೇಖೆಯನ್ನು ತಾವೇ ಕಥೆಯ ಒಳಗೇ ಮುಗಿಸಿದರು. ಡೇಟನ್ ವಾರ್ಡ್, ಜೇಮ್ಸ್ ಸ್ವಾಲೋ, ಡೇವಿಡ್ ಮ್ಯಾಕ್. ಪಾತ್ರಗಳಿಗೆ ಗೊತ್ತು, ತಾವು ಉಳಿಯೋದಿಲ್ಲ ಅಂತ. ಗೊತ್ತಿದ್ದೂ ಬೇರೆಯವರನ್ನು ಉಳಿಸಲು ಹೋರಾಡುತ್ತಾರೆ.

ನಮ್ಮಲ್ಲೂ ಅರ್ಧ ಜನ ಕಣ್ಣೀರು ಹಾಕಿದರು, ಅರ್ಧ ಜನ ಇದೇನು ಕೊಲೆ ಅಂತ ಬೈದರು. ನನಗೆ ಈಗಲೂ ಗೊತ್ತಾಗುತ್ತಿಲ್ಲ, ನಿಮ್ಮ ಹಾಗೆ ಪುಸ್ತಕಗಳನ್ನು ಇದ್ದ ಹಾಗೇ ಬಿಟ್ಟು ಹಣೆಪಟ್ಟಿ ಹಚ್ಚೋದು ವಾಸಿಯಾ, ನಮ್ಮ ಹಾಗೆ ಸಂಸ್ಕಾರ ಮಾಡಿ ಕಳಿಸೋದು ವಾಸಿಯಾ.

ಹಳೇಕ್ಯಾನನ್:

ನಿಮ್ಮದೇ ವಾಸಿ. ನಮ್ಮ ಕಥೆ ಅರ್ಧಕ್ಕೇ ನಿಂತಿತು. ಜೇನಾಳ ಕಾದಂಬರಿ ಬರುತ್ತದೆ ಅಂತ ಕಾದವರು ಇವತ್ತಿಗೂ ಕಾಯುತ್ತಿದ್ದಾರೆ.

ಅಂಚಿನಟಿಪ್ಪಣಿ:

ನಿಂತದ್ದೇ ಒಳ್ಳೆಯದಾಯಿತು. ಇನ್ನೂ ಮುಂದುವರಿದಿದ್ದರೆ ಸೋಲೋ ಕುಟುಂಬದಲ್ಲಿ ಯಾರನ್ನು ಕೊಲ್ಲೋದು ಅಂತ ಮತ್ತೆ ಮೇಜಿನ ಸುತ್ತ ಕೂರುತ್ತಿದ್ದರು.

ಬೈ ದಿ ವೇ, 2015ರ ಸಿನಿಮಾ ನೋಡಿದಾಗ ನಿಮಗೂ ಹೀಗೇ ಅನಿಸಿತಾ? ಹಾನ್ ಮತ್ತು ಲೇಯಾಳ ಮಗ ಕತ್ತಲೆಯ ಕಡೆ ಹೋಗುತ್ತಾನೆ. ಇದು ಜೇಸನ್ ಕಥೆಯ ಎಲುಬು. ಪುಸ್ತಕದಲ್ಲಿ ಚ್ಯೂಬಾಕಾ ಸಾಯುತ್ತಾನೆ, ಹಾನ್ ಉಳಿದು ಒದ್ದಾಡುತ್ತಾನೆ. ಸಿನಿಮಾದಲ್ಲಿ ಹಾನ್ ಸಾಯುತ್ತಾನೆ, ಚ್ಯೂಬಾಕಾ ಉಳಿಯುತ್ತಾನೆ. ಆದರೆ ಪುಸ್ತಕದ ಹಾನ್‌ಗೆ ದುಃಖಪಡಲು ಲುಸೆನೋ ಬರೆದ 'ಏಜೆಂಟ್ಸ್ ಆಫ್ ಕೇಯಾಸ್' ಜೋಡಿಯಲ್ಲಿ ಬೇಕಾದಷ್ಟು ಜಾಗ ಸಿಕ್ಕಿತು. ಅವನು ಮನೆ ಬಿಟ್ಟು ಹೋಗುತ್ತಾನೆ, ಲೇಯಾಳ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾನೆ, ಡ್ರೋಮಾ ಅನ್ನೋ ಬಾಯಿಬಡುಕ ಜೊತೆಗಾರನನ್ನು ಫಾಲ್ಕನ್‌ನಲ್ಲಿ ಕೂರಿಸಿಕೊಂಡು ತಪ್ಪಿತಸ್ಥನ ಹಾಗೆ ಒದ್ದಾಡುತ್ತಾನೆ. ಸಿನಿಮಾದ ಚ್ಯೂಬಾಕಾಗೆ ಅಷ್ಟು ಸಮಯವನ್ನು ಯಾರೂ ಕೊಡಲಿಲ್ಲ.

ವೂಕಿಬಳಗ:

ಇದಕ್ಕೆ ನನ್ನ ಹತ್ತಿರ ಮಾತಿಲ್ಲ. ಸರಿಯಾಗಿ ಹೇಳಿದಿರಿ.

ಅರ್ಧಓದಿದವ:

ನನ್ನ ಪ್ರಶ್ನೆ ಹಾಗೇ ಉಳಿಯಿತು. ಈಗ ಕೊನೆಯೂ ಗೊತ್ತಾಯಿತು, ಹ್ಹಹ್ಹ.

ಕೊನೇಪುಟ:

ಕೊನೆ ಪೂರ್ತಿ ಗೊತ್ತಾಗಿಲ್ಲ ಬಿಡಿ. ವಾಂಗ್‌ಗಳು ಸೋಲುತ್ತಾರೆ, ಆದರೆ ಅವರನ್ನು ಕೊಂದು ಮುಗಿಸೋದಿಲ್ಲ. ಝೊನಾಮಾ ಸೆಕಾಟ್ ಅನ್ನೋ ಜೀವಂತ ಗ್ರಹ ಅವರಿಗೆ ಇರಲು ಜಾಗ ಕೊಡುತ್ತದೆ. ಮಹಾ ಆಯುಧಗಳ ಮೇಲೆ ಬೆಳೆದ ಕಥೆಯೊಂದರಲ್ಲಿ ಅತಿ ದೊಡ್ಡ ಯುದ್ಧ ಸ್ಫೋಟದಿಂದ ಅಲ್ಲದೆ ಪುನರ್ವಸತಿಯಿಂದ ಮುಗಿಯುತ್ತದೆ ಅಂದರೆ, ಆ ಧೈರ್ಯಕ್ಕೆ ನಾನು ಉಳಿದ ದೂರೆಲ್ಲಾ ಮಾಫಿ ಮಾಡುತ್ತೇನೆ. ದೂರು ಹೇಳುತ್ತೇನೆ ಅಂದಿದ್ದೆ, ಎಲ್ಲಾ ನೀವೇ ಹೇಳಿಬಿಟ್ಟಿರಿ. ಉಳಿದದ್ದು ಒಂದೇ: ಇಷ್ಟೂ ಗ್ರಹಗಳು ಬಿದ್ದರೂ ಸಾಮಾನ್ಯ ಜನ ನಮಗೆ ಕಾಣಿಸೋದು ತೀರಾ ಕಡಿಮೆ. ಕ್ಯಾಥಿ ಟೈಯರ್ಸ್ ಬರೆದ 'ಬ್ಯಾಲೆನ್ಸ್ ಪಾಯಿಂಟ್'ನಲ್ಲಿ ಡೂರೋ ಗ್ರಹದ ಮೇಲಿನ ನಿರಾಶ್ರಿತರ ಶಿಬಿರಗಳು ಬರುತ್ತವೆ, ಅಂಥದ್ದು ಇನ್ನೂ ಬೇಕಿತ್ತು.

ಅವಸರ ಇದ್ದರೆ: 'ವೆಕ್ಟರ್ ಪ್ರೈಮ್' ಓದಿ, ಬರವಣಿಗೆ ಸುಮಾರು, ಆದರೂ ಬೇಕು. ಸ್ಟ್ಯಾಕ್‌ಪೋಲ್ ಬರೆದ 'ಡಾರ್ಕ್ ಟೈಡ್' ಎರಡು, ಇಥೋರ್ ಗ್ರಹಕ್ಕಾಗಿ ಜೆಡೈ ಕೋರನ್ ಹಾರ್ನ್ ಹೋರಾಡುವುದು ಅದರಲ್ಲೇ. ಆಮೇಲೆ 'ಕಾಂಕ್ವೆಸ್ಟ್', 'ಸ್ಟಾರ್ ಬೈ ಸ್ಟಾರ್', ಆಲ್ಸ್ಟನ್ ಎರಡು, 'ಟ್ರೇಟರ್', 'ಡೆಸ್ಟಿನೀಸ್ ವೇ', ಕೊನೆಗೆ 'ಯೂನಿಫೈಯಿಂಗ್ ಫೋರ್ಸ್'.

ತ್ರಾನ್‌ಪಕ್ಷ:

'ಫೋರ್ಸ್ ಹೆರೆಟಿಕ್' ಮೂರನ್ನೂ ಬಿಟ್ಟಿದ್ದೀರಿ, ಒಳ್ಳೆಯ ಕೆಲಸ. ಒಂದು ಗ್ರಹ ಹುಡುಕೋದಕ್ಕೆ ಮೂರು ಪುಸ್ತಕ.

ಅಂಚಿನಟಿಪ್ಪಣಿ:

ಬಿಡಬೇಡಿ! ವಾಂಗ್ ಗೂಢಚಾರ ನೋಮ್ ಅನೋರ್ ಪ್ರವಾದಿಯ ವೇಷ ಹಾಕೋದು ಅಲ್ಲೇ. ಎಲ್ಲರನ್ನೂ ಮೋಸ ಮಾಡಿ ಬದುಕಿದ ಹಳೇ ಗೂಢಚಾರ ಈಗ ಶೇಮ್ಡ್ ಒನ್‌ಗಳ ಮಧ್ಯೆ ಅಡಗಿಕೊಂಡು, ರಾಪುಂಗ್ ಕಥೆಯನ್ನೇ ಬಂಡವಾಳ ಮಾಡಿಕೊಂಡು, ಜೆಡೈಗಳ ಹೆಸರಿನಲ್ಲಿ ಪ್ರವಚನ ಮಾಡುತ್ತಾನೆ. ಅವನಿಗೆ ಒಂದು ಚೂರೂ ನಂಬಿಕೆ ಇಲ್ಲ, ಕೇಳುವವರಿಗೆ ಪೂರ್ತಿ ನಂಬಿಕೆ. 'ಕಾಂಕ್ವೆಸ್ಟ್' ಓದಿ ಇದನ್ನು ಬಿಟ್ಟರೆ ಏನು ಬಂತು? ಗ್ರಹ ಹುಡುಕುವ ಅಧ್ಯಾಯಗಳನ್ನು ಬೇಕಾದರೆ ಹಾರಿಸಿ, ನೋಮ್ ಅನೋರ್ ಇರುವ ಅಧ್ಯಾಯ ಮಾತ್ರ ಓದಿ.

ಬ್ಲಾಸ್ಟರ್‌ಸಾಕು:

ಅದರಲ್ಲೂ ಪ್ರವಚನವಾ.

ಅಂಚಿನಟಿಪ್ಪಣಿ:

ಇದು ಸುಳ್ಳು ಪ್ರವಚನ, ನಿಮಗೆ ಹಿಡಿಸುತ್ತದೆ.

ಅರ್ಧಓದಿದವ:

ಸರಿ, 'ವೆಕ್ಟರ್ ಪ್ರೈಮ್' ಇವತ್ತು ಶುರು ಮಾಡುತ್ತೇನೆ. ಹೆರೆಟಿಕ್ ಮೂರನ್ನು ಆಮೇಲೆ ನೋಡೋಣ, ಅಷ್ಟರೊಳಗೆ ನೀವಿಬ್ಬರೂ ಒಂದು ತೀರ್ಮಾನಕ್ಕೆ ಬನ್ನಿ.

ತ್ರಾನ್‌ಪಕ್ಷ:

ಬರೋದಿಲ್ಲ.